ಎರಡು ದಿನ, ಏಳು ಆಟ: ಬೆಳಗಾವಿಯಿಂದ ಗೋವಾ ಚಿತ್ರೋತ್ಸವಕ್ಕೆ ಹೊರಟವರು ಪಟ್ಟಿ ಓದುವ ಬಗೆ

ಬೆಳಗಾವಿಯಿಂದ ಬೆಂಗಳೂರು ಐನೂರು ಕಿಲೋಮೀಟರ್. ಚೋರ್ಲಾ ಘಾಟ್ ಇಳಿದರೆ ಪಣಜಿ ನೂರಾ ಹತ್ತು, ನೂರಾ ಇಪ್ಪತ್ತು. 1952ರಲ್ಲಿ ಮುಂಬಯಿಯಲ್ಲಿ ಶುರುವಾಗಿ, 2004ರಿಂದ ಗೋವಾದಲ್ಲಿ ನೆಲೆ ನಿಂತಿರುವ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ, ಅಂದರೆ ಇಫಿ, ವಾಡಿಕೆಯಂತೆ ನವೆಂಬರ್ 20ರಿಂದ 28ರವರೆಗೆ ನಡೆಯುತ್ತದೆ. ಬೆಳಗಾವಿಯವರಿಗೆ ಅದು ಪಕ್ಕದ ಓಣಿಯ ಜಾತ್ರೆ ಇದ್ದಂತೆ.

ಹೋಗುವುದು ಸುಲಭ. ತಲೆನೋವು ಇರುವುದು ಪಟ್ಟಿಯಲ್ಲಿ. ಇನ್ನೂರಕ್ಕೂ ಹೆಚ್ಚು ಚಿತ್ರ, ಹತ್ತರ ಆಸುಪಾಸು ಪರದೆ, ಒಂದೊಂದು ಪರದೆಗೆ ದಿನಕ್ಕೆ ನಾಲ್ಕೈದು ಆಟ. ಈ ಪಟ್ಟಿಯನ್ನು ಒಂಬತ್ತು ದಿನವೂ ಅಲ್ಲೇ ಠಿಕಾಣಿ ಹೂಡುವವರ ಲೆಕ್ಕದಲ್ಲಿ ಮಾಡಿರುತ್ತಾರೆ. ಶನಿವಾರ-ರವಿವಾರ ರಜೆ ಹಿಡಿದು ಹೋಗುವವರಿಗೆ ಸಿಗುವುದು ಶನಿವಾರ ನಾಲ್ಕು, ರವಿವಾರ ಮೂರು, ಒಟ್ಟು ಏಳು ಆಟ. ಹಾಗಾಗಿ ಪಟ್ಟಿ ಕೈಗೆ ಬಂದಾಗ 'ಇದರಲ್ಲಿ ಒಳ್ಳೆಯ ಚಿತ್ರ ಯಾವುದು' ಅನ್ನುವುದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದದ್ದು, 'ಇದನ್ನು ಇಲ್ಲಿ ಬಿಟ್ಟರೆ ಮತ್ತೆಲ್ಲಿ ಸಿಕ್ಕೀತು?' ಮುಂದಿನದ್ದೆಲ್ಲ ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಮಾಡುವ ಕೆಲಸ.

ಪಟ್ಟಿ ಎರಡು ಕಂತಿನಲ್ಲಿ ಬರುತ್ತದೆ

ಮೊದಲು ಬರುವುದು ಹೆಸರುಗಳ ಪಟ್ಟಿ: ಯಾವ ವಿಭಾಗದಲ್ಲಿ ಯಾವ ಚಿತ್ರ ಎಂದಷ್ಟೇ ಇರುತ್ತದೆ. ದಿನ, ಸಮಯ, ಪರದೆ ಹೇಳುವ ವೇಳಾಪಟ್ಟಿ ಬರುವುದು ಉತ್ಸವ ಹತ್ತಿರ ಬಂದಾಗ. ಬಹಳ ಜನ ವೇಳಾಪಟ್ಟಿ ಬರಲಿ ಎಂದು ಕಾಯುತ್ತಾರೆ. ಅದು ಬಂದಾಗ ಹೆಸರು ಹುಡುಕುವುದೋ, ಸಮಯ ಹೊಂದಿಸುವುದೋ ತಿಳಿಯದೆ ಕೈಗೆ ಸಿಕ್ಕಿದ್ದನ್ನು ಬುಕ್ ಮಾಡುತ್ತಾರೆ. ಎರಡು ಕಂತಿನಲ್ಲಿ ಬರುವ ಪಟ್ಟಿಗೆ ಕೆಲಸವನ್ನೂ ಎರಡು ಕಂತಿನಲ್ಲೇ ಮಾಡಬೇಕು. ಹೆಸರಿನ ಪಟ್ಟಿ ಬಂದ ಕೂಡಲೆ 25 ಚಿತ್ರ ಆರಿಸಿ ಇಟ್ಟುಕೊಳ್ಳಿ. ವೇಳಾಪಟ್ಟಿ ಬಂದ ಮೇಲೆ ಆ 25ರಲ್ಲಿ ಯಾವ ಏಳು ಕೂಡಿಬರುತ್ತವೆ ನೋಡಿ. ಇಪ್ಪತ್ತೈದಕ್ಕಿಂತ ಕಡಿಮೆ ಇಟ್ಟುಕೊಂಡರೆ ನಿಮ್ಮ ಎರಡು ದಿನದಲ್ಲಿ ಏಳು ಸಿಗುವುದಿಲ್ಲ. ನಲವತ್ತು ಇಟ್ಟುಕೊಂಡರೆ ಆರಿಸಿದಂತೆಯೇ ಆಗಲಿಲ್ಲ.

ಇದಕ್ಕೆ ಆಪ್ ಬೇಡ. ಒಂದು ಇನ್ನೂರು ಪುಟದ ನೋಟ್‌ಬುಕ್, ಕೆಂಪು ಪೆನ್ನು, ನೀಲಿ ಪೆನ್ನು, ಒಂದು ಪೆನ್ಸಿಲ್ ಸಾಕು. ಮತ್ತೆಲ್ಲೂ ಸಿಗದ್ದಕ್ಕೆ ಕೆಂಪು, ಸಿಕ್ಕರೂ ದೊಡ್ಡ ಪರದೆಯಲ್ಲೇ ನೋಡಬೇಕಾದದ್ದಕ್ಕೆ ನೀಲಿ, ಉಳಿದ ಆಸೆಗಳಿಗೆಲ್ಲ ಪೆನ್ಸಿಲ್.

ವಿಭಾಗ ನೋಡಿ ತೂಕ ಮಾಡುವುದು

ಅಂತರರಾಷ್ಟ್ರೀಯ ಸ್ಪರ್ಧಾ ವಿಭಾಗದಲ್ಲಿ ಸಾಮಾನ್ಯವಾಗಿ 15 ಚಿತ್ರ. ಗೆದ್ದದ್ದಕ್ಕೆ ಚಿನ್ನದ ನವಿಲು, 40 ಲಕ್ಷ ರೂಪಾಯಿ. ಸ್ಪರ್ಧೆ ಎಂಬ ಮಾತಿಗೆ ಜನ ಮುಗಿಬೀಳುತ್ತಾರೆ, ಆಸನ ಬೇಗ ತುಂಬುತ್ತದೆ. ಆದರೆ ಇಲ್ಲಿ ಸ್ಪರ್ಧಿಸುವ ಚಿತ್ರಗಳಲ್ಲಿ ಬಹಳಷ್ಟು ಅದೇ ವರ್ಷ ಬೇರೆ ಕಡೆ ತೆರೆ ಕಂಡು ಬಂದವು. 2024ರಲ್ಲಿ ಚಿನ್ನದ ನವಿಲು ಗೆದ್ದ ಲಿಥುವೇನಿಯಾದ 'ಟಾಕ್ಸಿಕ್' ಅದೇ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಚಿನ್ನದ ಚಿರತೆ ಗೆದ್ದಿತ್ತು. 2022ರಲ್ಲಿ ನವಿಲು ಪಡೆದ 'ಐ ಹ್ಯಾವ್ ಎಲೆಕ್ಟ್ರಿಕ್ ಡ್ರೀಮ್ಸ್' ಕೂಡ ಆ ವರ್ಷ ಲೊಕಾರ್ನೊದಲ್ಲಿ ನಿರ್ದೇಶನ, ನಟ, ನಟಿ ಮೂರೂ ಪ್ರಶಸ್ತಿ ಬಾಚಿಕೊಂಡು ಬಂದದ್ದು. ಅಂದರೆ ನವೆಂಬರ್‌ನ ಪಟ್ಟಿಗೆ ಆಗಸ್ಟ್‌ನಲ್ಲೇ ಅರ್ಧ ಉತ್ತರ ಸಿಕ್ಕಿರುತ್ತದೆ.

ಚಿತ್ರಗಳು ಉತ್ಸವದಿಂದ ಉತ್ಸವಕ್ಕೆ ಸಾಗುವ ಈ ಮೆರವಣಿಗೆಯ ದಾರಿ ಗೊತ್ತಿದ್ದರೆ ಪಟ್ಟಿ ಓದುವುದು ಅರ್ಧ ಹಗುರ. ಜನವರಿ ಕೊನೆಗೆ ರಾಟರ್‌ಡ್ಯಾಮ್, ಫೆಬ್ರವರಿಯಲ್ಲಿ ಬರ್ಲಿನ್, ಮೇನಲ್ಲಿ ಕಾನ್, ಜುಲೈನಲ್ಲಿ ಕಾರ್ಲೊವಿ ವಾರಿ, ಆಗಸ್ಟ್‌ನಲ್ಲಿ ಲೊಕಾರ್ನೊ, ಆಗಸ್ಟ್ ಕೊನೆಯಿಂದ ವೆನಿಸ್, ಸೆಪ್ಟೆಂಬರ್‌ನಲ್ಲಿ ಟೊರಾಂಟೊ ಮತ್ತು ಸಾನ್ ಸೆಬಾಸ್ಟಿಯನ್, ಅದರ ಬೆನ್ನಿಗೆ ಬುಸಾನ್. ಗೋವಾ ಬರುವುದು ಈ ಸಾಲಿನ ಬಾಲದಲ್ಲಿ. ವರ್ಷದ ಬೆಳೆಯೆಲ್ಲ ಕಣಕ್ಕೆ ಬಂದಿರುತ್ತದೆ, ನಾವು ತೂರಿ ಆರಿಸಬೇಕು ಅಷ್ಟೆ. ಕಾನ್ ಮತ್ತು ವೆನಿಸ್‌ನಲ್ಲಿ ದೊಡ್ಡ ಪ್ರಶಸ್ತಿ ಗೆದ್ದ ಚಿತ್ರಕ್ಕೆ ಸಾಮಾನ್ಯವಾಗಿ ಭಾರತದ ಹಂಚಿಕೆದಾರರು ಸಿಗುತ್ತಾರೆ, ಕೆಲವೇ ತಿಂಗಳಲ್ಲಿ ಒಟಿಟಿಯಲ್ಲೋ ದೊಡ್ಡ ಊರಿನ ಮಲ್ಟಿಪ್ಲೆಕ್ಸಿನಲ್ಲೋ ಬರುತ್ತದೆ. ಗೋವಾದಲ್ಲಿ ಅತಿ ಉದ್ದದ ಸಾಲು ಅದಕ್ಕೇ ಇರುತ್ತದೆ ಅನ್ನುವುದು ತಮಾಷೆ. ಅದನ್ನು ಪೆನ್ಸಿಲ್‌ನಲ್ಲಿ ಬರೆದು ಮುಂದೆ ಹೋಗಿ. ಕಾರ್ಲೊವಿ ವಾರಿ, ರಾಟರ್‌ಡ್ಯಾಮ್, ಲೊಕಾರ್ನೊದಿಂದ ಬಂದ ಮೊದಲ ಚಿತ್ರದ ನಿರ್ದೇಶಕರಿಗೆ ಈ ಭಾಗ್ಯ ಕಡಿಮೆ. ಕೆಂಪು ಪೆನ್ನು ಓಡಬೇಕಾದದ್ದು ಅಲ್ಲಿ.

ಭಾರತೀಯ ಪನೋರಮಾ 1978ರಲ್ಲಿ ಶುರುವಾದ ವಿಭಾಗ. ಇತ್ತೀಚಿನ ವರ್ಷಗಳಲ್ಲಿ 25 ಕಥಾಚಿತ್ರ, 20 ಕಥೇತರ ಚಿತ್ರ ಆಯ್ಕೆಯಾಗುತ್ತಿವೆ. ಕಥಾಚಿತ್ರಗಳಲ್ಲಿ ಐದರಷ್ಟು ಈಗಾಗಲೇ ಟಾಕೀಜಿನಲ್ಲಿ ಓಡಿದ ಮುಖ್ಯವಾಹಿನಿಯ ಚಿತ್ರಗಳಿರುತ್ತವೆ. ಅವನ್ನು ಕಣ್ಣುಮುಚ್ಚಿ ಬಿಡಬಹುದು. ಉಳಿದದ್ದು ಮಾತ್ರ ನಮ್ಮ ಕಡೆಯವರಿಗೆ ಚಿನ್ನದಂಥ ವಿಭಾಗ, ಏಕೆಂದರೆ ಸಣ್ಣ ಬಜೆಟ್ಟಿನ ದೇಸಿ ಚಿತ್ರ ಊರಿನ ಪರದೆಗೆ ಬರುವ ಹಾದಿ ಬಹಳ ಉದ್ದ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಅಲ್ಲಿಯದೇ ಮಾತಿನಲ್ಲಿ ತೆಗೆದ 'ಶಿವಮ್ಮ' ಬುಸಾನ್‌ನಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದದ್ದು 2022ರಲ್ಲಿ, ಕರ್ನಾಟಕದ ಟಾಕೀಜಿಗೆ ಬಂದದ್ದು 2024ರಲ್ಲಿ. ಪ್ರಶಸ್ತಿ ಪಡೆದ ಚಿತ್ರದ ಪಾಡೇ ಇದಾದರೆ ಉಳಿದವುಗಳದ್ದು ಹೇಳುವುದೇ ಬೇಡ. ಪನೋರಮಾದ ಆಟಕ್ಕೆ ಬಹುತೇಕ ನಿರ್ದೇಶಕರು, ನಟರು ಬಂದಿರುತ್ತಾರೆ. ಮುಗಿದ ಮೇಲೆ ಪ್ರಶ್ನೆ ಕೇಳಬಹುದು. ಬೆಳಗಾವಿಯವರಿಗೆ ಇನ್ನೊಂದು ಅನುಕೂಲ: ಮರಾಠಿ ಚಿತ್ರಕ್ಕೆ ಸಬ್‌ಟೈಟಲ್ ಓದುವ ಹಂಗಿಲ್ಲ, ಕೊಂಕಣಿಯೂ ಮುಕ್ಕಾಲು ಪಾಲು ದಕ್ಕುತ್ತದೆ.

ಜೀರ್ಣೋದ್ಧಾರ ಮಾಡಿದ ಹಳೆಯ ಚಿತ್ರಗಳಿಗೆ ನೀಲಿ ಪೆನ್ನು. ನೆಗೆಟಿವ್‌ನಿಂದ 4ಕೆ ಸ್ಕ್ಯಾನ್ ಮಾಡಿ, ಗೀರು-ಕಲೆ ತೆಗೆದು, ಧ್ವನಿ ಶುದ್ಧ ಮಾಡಿದ ಪ್ರತಿಯನ್ನು ಫೋನಿನಲ್ಲಿ ನೋಡಿದರೆ ಆ ದುಡಿಮೆಯೆಲ್ಲ ನೀರಲ್ಲಿ ಹೋಮ. ಚಿತ್ರ ಯೂಟ್ಯೂಬಿನಲ್ಲಿ ಇದ್ದರೂ ಹೋಗಿ ನೋಡಿ. ಪರದೆಯ ಎಡಬಲ ಕಪ್ಪಾಗಿ ಉಳಿದರೆ ಪ್ರೊಜೆಕ್ಟರ್ ಕೆಟ್ಟಿದೆ ಎಂದು ಕೂಗಬೇಡಿ. ಅವು ಎತ್ತರ 1 ಆದರೆ ಅಗಲ 1.37 ಇರುವ ಅಳತೆಯಲ್ಲಿ ತೆಗೆದ ಚಿತ್ರಗಳು, ಇಂದಿನ 1.85 ಅಥವಾ 2.39ರಷ್ಟು ಅಗಲ ಇರುವುದಿಲ್ಲ.

ದೇಶ ಕೇಂದ್ರಿತ ವಿಭಾಗ, ಸಿಂಹಾವಲೋಕನ (ಒಬ್ಬರ ಹಳೆಯ ಚಿತ್ರಗಳ ಗುಂಪು), ಮಕ್ಕಳ ಚಿತ್ರ, ಭಯಾನಕ, ಸಾಕ್ಷ್ಯಚಿತ್ರ ಇತ್ಯಾದಿ ಗುಂಪುಗಳ ಹೆಸರು ವರ್ಷವರ್ಷಕ್ಕೂ ಬದಲಾಗುತ್ತವೆ. ಇವುಗಳಲ್ಲಿ ಸಾಕ್ಷ್ಯಚಿತ್ರದ ಗುಂಪನ್ನು ಮಾತ್ರ ಸಾವಕಾಶ ಓದಿ: ಒಟಿಟಿಗೂ ಬಾರದೆ, ಟಾಕೀಜಿಗೂ ಬಾರದೆ ಕಾಣೆಯಾಗುವ ಚಿತ್ರಗಳು ಹೆಚ್ಚಿರುವುದು ಅಲ್ಲೇ, ಆಸನ ಖಾಲಿ ಇರುವುದೂ ಅಲ್ಲೇ. ಉದ್ಘಾಟನೆಯ ಚಿತ್ರದ ಗೋಜಿಗೆ ಹೋಗಬೇಡಿ. ಸಮಾರಂಭ, ಭದ್ರತೆ, ಭಾಷಣಗಳ ನಡುವೆ ಒಂದು ಸಂಜೆ ಕೈಬಿಟ್ಟು ಹೋಗುತ್ತದೆ.

ಒಂದು ಚಿತ್ರದ ವಿವರ ಓದುವುದು

ಕೈಪಿಡಿಯಲ್ಲಿ ಪ್ರತಿ ಚಿತ್ರಕ್ಕೆ ಮೂಲ ಹೆಸರು, ಇಂಗ್ಲಿಷ್ ಹೆಸರು, ನಿರ್ದೇಶಕ, ದೇಶ, ವರ್ಷ, ಭಾಷೆ, ಅವಧಿ, ನಾಲ್ಕು ಸಾಲಿನ ಕಥೆ ಇರುತ್ತವೆ. ಜನ ಕಥೆಯಿಂದ ಓದಲು ಶುರು ಮಾಡುತ್ತಾರೆ. ಅದನ್ನು ಕೊನೆಗೆ ಓದಬೇಕು.

ಮೊದಲು ಮೂಲ ಹೆಸರು ಮತ್ತು ನಿರ್ದೇಶಕರ ಹೆಸರು, ಎರಡನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಇಂಗ್ಲಿಷ್ ಹೆಸರಿನಿಂದ ಹುಡುಕಿದರೆ ಹಾದಿ ತಪ್ಪುತ್ತದೆ. ಮೇಲೆ ಹೇಳಿದ ಲಿಥುವೇನಿಯಾದ ಚಿತ್ರವನ್ನೇ 'ಟಾಕ್ಸಿಕ್' ಎಂದು ಹುಡುಕಿ ನೋಡಿ, ಫೋನಿನ ತುಂಬ ಯಶ್ ಬರುತ್ತಾರೆ. ಅದರ ಮೂಲ ಹೆಸರು 'ಅಕಿಪ್ಲೇಶಾ', ನಿರ್ದೇಶಕಿ ಸೌಲೆ ಬ್ಲ್ಯೂವೈಟೆ. ಹಾಗೆ ಹುಡುಕಿದರೆ ನೇರ ಸಿಗುತ್ತದೆ.

ಆಮೇಲೆ ದೇಶ. ಫ್ರಾನ್ಸ್, ಜರ್ಮನಿ, ಟ್ಯುನೀಷಿಯಾ, ಕತಾರ್ ಎಂದು ನಾಲ್ಕು ದೇಶ ಬರೆದಿದ್ದರೆ ಅದು ಹಣ ಹಾಕಿದವರ ಪಟ್ಟಿ. ಕಥೆ ಎಲ್ಲಿಯದು ಎಂದು ತಿಳಿಯಲು ಭಾಷೆಯ ಕಾಲಂ ನೋಡಬೇಕು: ಅರಬ್ಬಿ ಎಂದಿದ್ದರೆ ಚಿತ್ರ ಬಹುಶಃ ಟ್ಯುನೀಷಿಯಾದ್ದು, ಮೊದಲ ಹೆಸರು ಫ್ರಾನ್ಸ್ ಇದ್ದರೂ ಸರಿ.

ಹೆಸರಿನ ಪಕ್ಕದಲ್ಲಿ ಪ್ರೀಮಿಯರ್ ಗುರುತು ಇರುತ್ತದೆ. ವರ್ಲ್ಡ್ ಪ್ರೀಮಿಯರ್ ಅಂದರೆ ಜಗತ್ತಿನಲ್ಲೇ ಮೊದಲ ಆಟ. ಇಂಟರ್‌ನ್ಯಾಷನಲ್ ಅಂದರೆ ತಮ್ಮ ದೇಶದಲ್ಲಿ ತೋರಿಸಿ ಆಗಿದೆ, ಹೊರಗೆ ಇದೇ ಮೊದಲು. ಏಷ್ಯಾ, ಇಂಡಿಯಾ ಎಂದಿದ್ದರೆ ಅದರ ಅರ್ಥ ಅದೇ. ವರ್ಲ್ಡ್ ಪ್ರೀಮಿಯರ್ ಕೇಳಲು ದೊಡ್ಡದು, ಆದರೆ ಒಬ್ಬರೂ ನೋಡದ ಚಿತ್ರದ ಬಗ್ಗೆ ವಿಮರ್ಶೆಯೂ ಇರುವುದಿಲ್ಲ. ಏಳು ಆಟದಲ್ಲಿ ಇಂಥ ಜೂಜು ಒಂದು ಇರಲಿ, ಎರಡು ಬೇಡ.

ಪೋಸ್ಟರಿನ ಮೇಲಿನ ಎಲೆಗಳ ಮಾಲೆಯ ಚಿಹ್ನೆಗೆ ಮರುಳಾಗಬೇಡಿ. ಚಿತ್ರ ಎಲ್ಲೋ 'ಆಯ್ಕೆ' ಆಗಿದ್ದಕ್ಕೂ ಅದೇ ಎಲೆ, 'ಪ್ರಶಸ್ತಿ' ಪಡೆದದ್ದಕ್ಕೂ ಅದೇ ಎಲೆ. ಪ್ರವೇಶ ಶುಲ್ಕ ಕಟ್ಟಿದವರಿಗೆಲ್ಲ ತಿಂಗಳಿಗೊಂದು ಪ್ರಶಸ್ತಿ ಹಂಚುವ ಆನ್‌ಲೈನ್ ಉತ್ಸವಗಳೂ ಬೇಕಾದಷ್ಟಿವೆ. ಎಲೆಗಳ ನಡುವಿನ ಸಣ್ಣಕ್ಷರ ಓದಿ.

ಅವಧಿ ಅತಿ ಮುಖ್ಯ. ಅದಕ್ಕೆ ಮುಂದೆ ಬರೋಣ.

ಕೊನೆಗೆ ಕಥೆ. ಅದನ್ನು ಬರೆದವರು ಮಾರಾಟಗಾರರು ಎಂಬುದು ನೆನಪಿರಲಿ. 'ಮೆಡಿಟೇಟಿವ್', 'ಪೋಯೆಟಿಕ್', 'ಅಬ್ಸರ್ವೇಷನಲ್' ಎಂದಿದ್ದರೆ ಕ್ಯಾಮರಾ ಒಂದೆಡೆ ಕೂತು ಮಳೆ ನೋಡುತ್ತದೆ. ಇವು ಕೆಟ್ಟ ಚಿತ್ರಗಳಲ್ಲ, ಆದರೆ ಊಟದ ನಂತರದ ಆಟಕ್ಕೆ ಇಟ್ಟುಕೊಂಡರೆ ತೂಕಡಿಕೆ ಗ್ಯಾರಂಟಿ. ಬೆಳಗಿನ ಮೊದಲ ಆಟ ಇವುಗಳಿಗೆ ಸರಿಯಾದ ಹೊತ್ತು. 'ಕಮಿಂಗ್ ಆಫ್ ಏಜ್' ಅಂದರೆ ಹರೆಯಕ್ಕೆ ಕಾಲಿಡುವ ಹುಡುಗ ಅಥವಾ ಹುಡುಗಿಯ ಕಥೆ. ಯಾವ ಉತ್ಸವದ ಪಟ್ಟಿಯಲ್ಲೂ ಇವಕ್ಕೆ ಬರವಿಲ್ಲ, ಎರಡಕ್ಕಿಂತ ಹೆಚ್ಚು ಆರಿಸಿದರೆ ಮೂರನೆಯದು ಮೊದಲನೆಯದರಂತೆಯೇ ಕಾಣುತ್ತದೆ.

ಇಂಗ್ಲಿಷ್ ಸಬ್‌ಟೈಟಲ್ ಓದುವ ವೇಗದ ಬಗ್ಗೆ ಅಳುಕು ಇರುವವರಿಗೆ ಒಂದು ಮಾತು. ಸಬ್‌ಟೈಟಲ್ ಒಂದು ಸಲಕ್ಕೆ ಎರಡು ಸಾಲು, ಸಾಲಿಗೆ 40 ಅಕ್ಷರದ ಆಸುಪಾಸು, ಹೆಚ್ಚೆಂದರೆ ಆರೇಳು ಸೆಕೆಂಡು ನಿಲ್ಲುತ್ತದೆ. ಮಾತಿನ ಮಳೆ ಸುರಿಸುವ ಫ್ರೆಂಚ್ ಸಂಸಾರದ ಚಿತ್ರ, ಕೋರ್ಟಿನ ಚಿತ್ರ ಮೊದಲ ದಿನಕ್ಕೆ ಬೇಡ. ಟ್ರೇಲರ್ ಒಂದು ನಿಮಿಷ ನೋಡಿದರೆ ಮಾತು ಎಷ್ಟಿದೆ ತಿಳಿಯುತ್ತದೆ. ಕೂರುವಾಗ ನಡುವಿನ ಸಾಲಿಗಿಂತ ಎರಡು ಸಾಲು ಹಿಂದೆ ಕೂತರೆ ಚಿತ್ರ ಮತ್ತು ಅಕ್ಷರ ಒಂದೇ ನೋಟಕ್ಕೆ ಸಿಗುತ್ತವೆ. ಮುಂದಿನ ಸಾಲಿನಲ್ಲಿ ಕೂತವರಿಗೆ ಕಣ್ಣು ಮೇಲೆ ಕೆಳಗೆ ಓಡಾಡಿಯೇ ದಣಿವಾಗುತ್ತದೆ.

ವೇಳಾಪಟ್ಟಿಗೆ ಕೂರುವುದು

ವೇಳಾಪಟ್ಟಿ ಬಂದ ದಿನ ಒಂದು ತಾಸು ಬಿಡುವು ಮಾಡಿಕೊಳ್ಳಿ. ನಿಮ್ಮ 25 ಚಿತ್ರಗಳ ಎದುರು ಎಲ್ಲ ಆಟಗಳನ್ನೂ ಬರೆಯಿರಿ: ದಿನ, ಶುರುವಾಗುವ ಹೊತ್ತು, ಪರದೆ, ಮುಗಿಯುವ ಹೊತ್ತು. ಕೊನೆಯದನ್ನು ವೇಳಾಪಟ್ಟಿ ಕೊಡುವುದಿಲ್ಲ, ನೀವೇ ಲೆಕ್ಕ ಹಾಕಬೇಕು. ಶುರುವಿನ ಹೊತ್ತಿಗೆ ಅವಧಿ ಕೂಡಿಸಿ, ಅದಕ್ಕೆ ಹತ್ತು ನಿಮಿಷ ಸೇರಿಸಿ. ಆ ಹತ್ತು ನಿಮಿಷ ಉತ್ಸವದ ಚಿಹ್ನೆಚಿತ್ರ, ನಿರೂಪಕರ ಪರಿಚಯ, ವೇದಿಕೆಗೆ ಬಂದ ಅತಿಥಿಗೆ ಹಾರ-ಶಾಲಿಗೆ. ನಿರ್ದೇಶಕರು ಬರುತ್ತಾರೆ ಎಂದಿದ್ದರೆ ಮುಗಿದ ಮೇಲಿನ ಮಾತುಕತೆಗೆ ಇನ್ನೊಂದು ಹದಿನೈದು ನಿಮಿಷ.

ಈಗ ಹೊಂದಿಸುವ ಕ್ರಮ. ನಿಮ್ಮ ಎರಡು ದಿನಗಳಲ್ಲಿ ಒಂದೇ ಆಟ ಇರುವ ಕೆಂಪು ಚಿತ್ರಗಳನ್ನು ಮೊದಲು ಕೂರಿಸಿ. ಎರಡು ಆಟ ಇರುವ ಕೆಂಪು ಆಮೇಲೆ, ಅದಾದ ಮೇಲೆ ನೀಲಿ. ಉಳಿದ ಸಂದಿಗಳಿಗೆ ಪೆನ್ಸಿಲ್. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ: ಹೆಸರು ಕೇಳಿದ ದೊಡ್ಡ ಚಿತ್ರವನ್ನು ಮೊದಲು ಕೂರಿಸಿ, ಅದರ ಸುತ್ತ ಉಳಿದದ್ದನ್ನು ತುರುಕುತ್ತಾರೆ. ಆ ದೊಡ್ಡ ಚಿತ್ರಕ್ಕೆ ಮೂರು ಆಟ ಇದ್ದದ್ದು, ಅದರ ಕೆಳಗೆ ಸಿಕ್ಕಿ ಸತ್ತ ಸಣ್ಣ ಚಿತ್ರಕ್ಕೆ ಇದ್ದದ್ದು ಒಂದೇ ಆಟ ಎಂದು ತಿಳಿಯುವುದು ಮನೆಗೆ ಬಂದ ಮೇಲೆ.

ಜಾಗಗಳ ಅಂತರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪಣಜಿಯ ಐನಾಕ್ಸ್ ಮತ್ತು ಮ್ಯಾಕಿನೆಜ್ ಪ್ಯಾಲೇಸ್ ಒಂದೇ ಆವರಣದ ಅಕ್ಕಪಕ್ಕ. ಎರಡು ನಿಮಿಷದ ನಡಿಗೆ. ಕಾಂಪಾಲ್‌ನ ಕಲಾ ಅಕಾಡೆಮಿಗೆ ನದಿಯ ದಂಡೆಗುಂಟ ಹದಿನೈದು ನಿಮಿಷ. ಪೇಟೆಯ ನಡುವಿನ ಸಾಮ್ರಾಟ್-ಅಶೋಕ್ ಟಾಕೀಜಿಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಪೊರ್ವೊರಿಮ್‌ನ ಐನಾಕ್ಸ್ ಮಾತ್ರ ಮಾಂಡೋವಿ ಸೇತುವೆ ದಾಟಿ ಆಚೆಗಿದೆ. ಐದಾರು ಕಿಲೋಮೀಟರ್ ಎಂದು ನಕ್ಷೆ ಹೇಳಿದರೂ, ಗಾಡಿ ಸಿಗುವುದು, ವಾರಾಂತ್ಯದ ಸಂಜೆ ಸೇತುವೆಯ ಮೇಲೆ ನಿಲ್ಲುವುದು, ಭದ್ರತಾ ತಪಾಸಣೆ ಎಲ್ಲ ಸೇರಿ ಒಂದು ತಾಸು. ಯಾವ ವರ್ಷ ಯಾವ ಪರದೆಗಳು ಉತ್ಸವದಲ್ಲಿವೆ ಎಂಬುದು ವೇಳಾಪಟ್ಟಿಯ ತಲೆಯಲ್ಲೇ ಇರುತ್ತದೆ. ದಿನಕ್ಕೆ ಒಂದೇ ಸಲ ಸೇತುವೆ ದಾಟುವಂತೆ ನೋಡಿಕೊಳ್ಳಿ. ಅರ್ಧ ದಿನ ಈಚೆ, ಅರ್ಧ ದಿನ ಆಚೆ.

ಒಂದು ಶನಿವಾರವನ್ನು ಕಟ್ಟಿ ನೋಡೋಣ. ಚಿತ್ರಗಳಿಗೆ ಅ, ಆ ಎಂದು ಹೆಸರಿಡೋಣ.

ಬೆಳಿಗ್ಗೆ 9:00ಕ್ಕೆ ಐನಾಕ್ಸ್ ಎರಡನೇ ಪರದೆಯಲ್ಲಿ ಚಿತ್ರ 'ಅ', 124 ನಿಮಿಷ. 9ಕ್ಕೆ 124 ಕೂಡಿದರೆ 11:04, ಹತ್ತು ಸೇರಿಸಿ 11:14. ಮುಂದಿನ 'ಆ' 11:45ಕ್ಕೆ ಪಕ್ಕದ ಮ್ಯಾಕಿನೆಜ್‌ನಲ್ಲಿ, 96 ನಿಮಿಷ. ನಡುವೆ ಅರ್ಧ ತಾಸು ಇದೆ, ಚಹಾ ಕುಡಿದೂ ಸಾಲಿನಲ್ಲಿ ನಿಲ್ಲಬಹುದು. ಅದು ಮುಗಿಯುವುದು 1:31ಕ್ಕೆ. ಮಧ್ಯಾಹ್ನ 2:30ಕ್ಕೆ ಕೆಂಪು ಪೆನ್ನಿನ 'ಇ', ಅದಕ್ಕೆ ಇರುವುದು ಇದೊಂದೇ ಆಟ, ಅವಧಿ 187 ನಿಮಿಷ. ಮುಗಿಯುವುದು 5:47ಕ್ಕೆ. ಇಲ್ಲಿ ಗಮನಿಸಿ: 5:00ಕ್ಕೆ ಶುರುವಾಗುವ ನೀಲಿ ಪೆನ್ನಿನ 'ಈ' ಸತ್ತಿತು. ಮೂರು ತಾಸಿನ ಚಿತ್ರ ಯಾವಾಗಲೂ ಎರಡು ಆಟ ನುಂಗುತ್ತದೆ. 'ಈ'ಗೆ ರವಿವಾರ ಇನ್ನೊಂದು ಆಟ ಇದ್ದರೆ ಸರಿ, ಇಲ್ಲವಾದರೆ 'ಇ' ಎರಡು ಚಿತ್ರದಷ್ಟು ಬೆಲೆ ಬಾಳುತ್ತದೆಯೇ ಎಂದು ಈಗಲೇ ತೀರ್ಮಾನಿಸಿ. ಸಂಜೆ ಪೊರ್ವೊರಿಮ್‌ನಲ್ಲಿ 6:15ಕ್ಕೆ 'ಉ', 7:30ಕ್ಕೆ 'ಊ'. 5:47ರಿಂದ 6:15ಕ್ಕೆ 28 ನಿಮಿಷ, ಸೇತುವೆ ದಾಟುವುದು ಆಗದ ಮಾತು. 'ಊ' ಆಗುತ್ತದೆ, ನಡುವೆ ಹೊಟ್ಟೆಗೂ ಏನಾದರೂ ಹಾಕಬಹುದು. ರಾತ್ರಿ 10ರ ಆಟವನ್ನು ಬಿಡಿ. ಐದನೇ ಚಿತ್ರದಲ್ಲಿ ಕಣ್ಣು ಪರದೆಯ ಮೇಲೆ ಇರುತ್ತದೆ, ತಲೆ ಎರಡನೇ ಚಿತ್ರದಲ್ಲೇ ಉಳಿದಿರುತ್ತದೆ. ಮರುದಿನ 9ರ ಆಟಕ್ಕೂ ಎದ್ದು ಹೋಗಲಾಗುವುದಿಲ್ಲ.

ಪ್ರತಿ ಆಟಕ್ಕೂ ಅದೇ ಹೊತ್ತಿನ, ಸಾಧ್ಯವಾದರೆ ಅದೇ ಕಟ್ಟಡದ ಇನ್ನೊಂದು ಚಿತ್ರವನ್ನು ಪಕ್ಕದಲ್ಲಿ ಬರೆದಿಡಿ. ಟಿಕೆಟ್ ಸಿಗದಿದ್ದಾಗ ಹತ್ತು ಸೆಕೆಂಡಿನಲ್ಲಿ ಎರಡನೆಯದನ್ನು ಒತ್ತಬೇಕಾಗುತ್ತದೆ, ಆಗ ಯೋಚಿಸುತ್ತ ಕೂತರೆ ಅದೂ ಹೋಗುತ್ತದೆ.

ಕಥೇತರ ವಿಭಾಗದಲ್ಲಿ ಎರಡು ಮೂರು ಕಿರುಚಿತ್ರ ಕೂಡಿಸಿ ಒಂದು ಆಟ ಮಾಡಿರುತ್ತಾರೆ. ವೇಳಾಪಟ್ಟಿಯಲ್ಲಿ ಮೊದಲ ಚಿತ್ರದ ಹೆಸರು ಮಾತ್ರ ಎದ್ದು ಕಾಣುತ್ತದೆ, ನಿಮಗೆ ಬೇಕಾದದ್ದು ಅದರ ಬಾಲಕ್ಕೆ ಅಂಟಿಕೊಂಡಿರಬಹುದು. ಪೂರ್ತಿ ಓದಿ, ಎಲ್ಲದರ ಅವಧಿ ಕೂಡಿಸಿ.

ನೋಂದಣಿ, ಟಿಕೆಟ್, ಬಸ್ಸು

ಇಫಿಗೆ ಪ್ರತಿನಿಧಿಯಾಗಿ ಆನ್‌ಲೈನ್ ನೋಂದಣಿ ಮಾಡಬೇಕು. ಹಿಂದಿನ ವರ್ಷಗಳಲ್ಲಿ ಶುಲ್ಕ ಸಾವಿರ ರೂಪಾಯಿ, ಮೇಲೆ ಜಿಎಸ್‌ಟಿ ಇತ್ತು. 18 ತುಂಬಿರಬೇಕು. ಈ ವಯಸ್ಸಿನ ನಿಯಮಕ್ಕೆ ಕಾರಣ ಉಂಟು: ಉತ್ಸವದ ಬಹಳಷ್ಟು ಚಿತ್ರಗಳಿಗೆ ಸೆನ್ಸಾರ್ ಪತ್ರ ಇರುವುದಿಲ್ಲ, ಕೇಂದ್ರ ಸರ್ಕಾರ ಕೊಡುವ ವಿನಾಯಿತಿಯ ಮೇಲೆ ನೋಂದಾಯಿತ ಪ್ರತಿನಿಧಿಗಳಿಗೆ ಮಾತ್ರ ತೋರಿಸುತ್ತಾರೆ. ಹಾಗಾಗಿ ಮಕ್ಕಳನ್ನು ಜೊತೆಗೆ ಕರೆದೊಯ್ದು ಬಾಗಿಲಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಫೋಟೊ, ಗುರುತಿನ ಚೀಟಿಯ ಸ್ಕ್ಯಾನ್ ಸ್ಪಷ್ಟವಾಗಿರಲಿ; ಮಸುಕು ಫೋಟೊದಿಂದ ಅರ್ಜಿ ತಿರಸ್ಕಾರವಾಗಬಹುದು. ಕಾರ್ಡನ್ನು ಪಣಜಿಯ ಕೌಂಟರಿನಲ್ಲಿ ಪಡೆಯಬೇಕು. ಶನಿವಾರ ಬೆಳಿಗ್ಗೆ ಅಲ್ಲಿ ಸಾಲು ಉದ್ದ, ಆದ್ದರಿಂದ ಶುಕ್ರವಾರ ಮಧ್ಯಾಹ್ನದ ಬಸ್ಸು ಹಿಡಿದು ಸಂಜೆಯೇ ಕಾರ್ಡ್ ತೆಗೆದುಕೊಂಡರೆ ಮೊದಲ ಆಟ ಉಳಿಯುತ್ತದೆ.

ಕಾರ್ಡ್ ಇದ್ದರೆ ಸಾಲದು, ಪ್ರತಿ ಆಟಕ್ಕೂ ಆಸನ ಕಾದಿರಿಸಬೇಕು. ದಿನಕ್ಕೆ ಇಷ್ಟೇ ಟಿಕೆಟ್ ಎಂಬ ಮಿತಿ ಇರುತ್ತದೆ, ಮುಂಗಡ ಬುಕಿಂಗ್ ತೆರೆಯುವ ಹೊತ್ತು ನಿಗದಿಯಾಗಿರುತ್ತದೆ. ಆ ವರ್ಷದ ನಿಯಮ ಓದಿ, ಆ ಹೊತ್ತಿಗೆ ಹತ್ತು ನಿಮಿಷ ಮೊದಲೇ ಲಾಗಿನ್ ಆಗಿರಿ. ಶನಿವಾರದ ಬುಕಿಂಗ್ ತೆರೆಯುವ ಹೊತ್ತಿಗೆ ನೀವು ಜಾಂಬೋಟಿ-ಕಣಕುಂಬಿ ನಡುವಿನ ಕಾಡಿನಲ್ಲಿದ್ದರೆ ಕೆಲಸ ಕೆಟ್ಟಿತು; ಆ ದಾರಿಯಲ್ಲಿ ಫೋನಿನ ಸಿಗ್ನಲ್ ನಂಬಬೇಡಿ. ಬೆಳಗಾವಿಯಲ್ಲಿ ಇರುವಾಗಲೇ ಅಥವಾ ಪಣಜಿ ತಲುಪಿದ ಮೇಲೆ ಬೀಳುವಂತೆ ಬಸ್ಸಿನ ಹೊತ್ತು ಆರಿಸಿ.

ಟಿಕೆಟ್ ಸಿಗದವರಿಗೂ ದಾರಿ ಇದೆ. ಬುಕ್ ಮಾಡಿದವರು ಎಲ್ಲರೂ ಬರುವುದಿಲ್ಲ, ಆಟ ಶುರುವಾಗುವ ಮುಂಚೆ ಖಾಲಿ ಉಳಿದ ಆಸನಕ್ಕೆ ಟಿಕೆಟ್ ಇಲ್ಲದ ಸಾಲಿನವರನ್ನು ಬಿಡುತ್ತಾರೆ. ಹೆಸರಾಂತ ಚಿತ್ರಕ್ಕೆ ಮುಕ್ಕಾಲು ತಾಸು ಮೊದಲು ಆ ಸಾಲಿನಲ್ಲಿ ನಿಲ್ಲಬೇಕು, ಸಾಕ್ಷ್ಯಚಿತ್ರಕ್ಕೆ ಹದಿನೈದು ನಿಮಿಷ ಸಾಕು. ಇದರ ಇನ್ನೊಂದು ಮುಖ: ಟಿಕೆಟ್ ಇದ್ದೂ ಕೊನೆ ಗಳಿಗೆಗೆ ಓಡಿಬಂದರೆ ನಿಮ್ಮ ಆಸನದಲ್ಲಿ ಬೇರೆಯವರು ಕೂತಿರುತ್ತಾರೆ.

ನಾಲ್ಕು ಜನ ಕೂಡಿ ಹೋಗುವುದಾದರೆ ಎಲ್ಲರೂ ಒಂದೇ ಚಿತ್ರಕ್ಕೆ ಹೋಗಬೇಕಿಲ್ಲ. ಮೊದಲ ದಿನ ಬೇರೆ ಬೇರೆ ನೋಡಿ, ರಾತ್ರಿ ಊಟಕ್ಕೆ ಕೂತಾಗ ಹೇಳಿಕೊಳ್ಳಿ. ಎರಡನೇ ಆಟ ರವಿವಾರ ಇರುವ ಚಿತ್ರದ ಬಗ್ಗೆ ಗೆಳೆಯನ ಬಾಯಿಂದ ಬಂದ 'ಬಿಡಬ್ಯಾಡೋ ಮಾರಾಯಾ' ಯಾವ ವಿಮರ್ಶೆಗಿಂತಲೂ ನಂಬಿಗಸ್ತ.

ಬೆಳಗಾವಿಯ ಸಿಬಿಟಿ ಬಸ್ ನಿಲ್ದಾಣದಿಂದ ನಮ್ಮ ವಾಯವ್ಯ ಸಾರಿಗೆಯ ಬಸ್ಸೂ ಇದೆ, ಗೋವಾದ ಕದಂಬವೂ ಇದೆ. ಚೋರ್ಲಾ ಮೇಲೆ ಸುಮಾರು ನಾಲ್ಕು ತಾಸು. ಬಾಗಲಕೋಟೆ, ವಿಜಯಪುರದವರು ಬೆಳಗಾವಿಗೆ ಬರುವ ಹೊತ್ತನ್ನೂ ಸೇರಿಸಿದರೆ ಶುಕ್ರವಾರ ಪೂರ್ತಿ ರಜೆ ಬೇಕು, ರವಿವಾರ ಎರಡೇ ಆಟಕ್ಕೆ ಎದ್ದು ಬರಬೇಕು. ಸ್ವಂತ ಗಾಡಿಯವರು ರವಿವಾರ ರಾತ್ರಿ ಘಾಟ್ ಹತ್ತುವ ಲೆಕ್ಕ ಇಟ್ಟುಕೊಳ್ಳಬೇಡಿ. ನವೆಂಬರ್ ರಾತ್ರಿ ಅಲ್ಲಿ ಮಂಜು ಇಳಿದಿರುತ್ತದೆ, ತಿರುವು ಬಿಗಿ, ಮೂರು ಚಿತ್ರ ನೋಡಿದ ಕಣ್ಣು ಬೇರೆ. ಬುತ್ತಿಯಲ್ಲಿ ನಾಲ್ಕು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಎರಡು ಆಟಗಳ ನಡುವಿನ ಅರ್ಧ ತಾಸು ಹೋಟೆಲಿನ ಸಾಲಿಗೆ ಹೋಗುವುದಿಲ್ಲ. ಒಳಗೆ ತಿನ್ನಲು ಬಿಡುವುದಿಲ್ಲ. ನದಿ ದಂಡೆಯ ಕಟ್ಟೆ ಇದೆ.

ಪಟ್ಟಿ ತಪ್ಪಿದಾಗ

ವೇಳಾಪಟ್ಟಿ ಅಚ್ಚಾದ ಮೇಲೂ ಬದಲಾಗುತ್ತದೆ. ಪ್ರತಿ ರಾತ್ರಿ ಮಲಗುವ ಮುನ್ನ ಮರುದಿನದ ನಾಲ್ಕು ಆಟವನ್ನು ಅಧಿಕೃತ ತಾಣದಲ್ಲಿ ಮತ್ತೊಮ್ಮೆ ನೋಡಿ.

ಬದಲಾಗುವುದಕ್ಕೆ ಕಾರಣ ಬಹುಮಟ್ಟಿಗೆ ತಾಂತ್ರಿಕ. ಈಗ ಚಿತ್ರ ಬರುವುದು ಡಿಸಿಪಿ ಎಂಬ ಕಡತಗಳ ಕಟ್ಟಾಗಿ, ಕೀಲಿ ಹಾಕಿಕೊಂಡು. ಅದನ್ನು ತೆರೆಯುವ ಕೀಲಿಕೈಗೆ ಕೆಡಿಎಂ ಎನ್ನುತ್ತಾರೆ. ಈ ಕೀಲಿಕೈ ನಿರ್ದಿಷ್ಟ ಪರದೆಯ ಸರ್ವರ್‌ಗೆ, ನಿರ್ದಿಷ್ಟ ದಿನ-ಹೊತ್ತಿಗೆ ಮಾತ್ರ ಹೊಂದುತ್ತದೆ. ಮೂರನೇ ಪರದೆಗೆಂದು ಬಂದ ಕೀಲಿಕೈ ನಾಲ್ಕನೇ ಪರದೆಯಲ್ಲಿ ಕೆಲಸ ಮಾಡದು. ಹಾಗಾಗಿ ಕೊನೆ ಗಳಿಗೆಯಲ್ಲಿ ಪರದೆ ಬದಲಿಸಿದರೆ ಯುರೋಪಿನ ಯಾವುದೋ ಕಚೇರಿಯಿಂದ ಹೊಸ ಕೀಲಿಕೈ ತರಿಸಬೇಕು. ಪಣಜಿಯಲ್ಲಿ ಬೆಳಗಿನ 9 ಗಂಟೆ ಅಂದರೆ ನವೆಂಬರ್‌ನ ಪ್ಯಾರಿಸ್ಸಿನಲ್ಲಿ ನಸುಕಿನ ನಾಲ್ಕೂವರೆ. ಬೆಳಗಿನ ಆಟ ರದ್ದಾದರೆ ಅದೇ ಚಿತ್ರವನ್ನು ಸಂಜೆ ಅಥವಾ ಮರುದಿನಕ್ಕೆ ಹಾಕುವ ಸಾಧ್ಯತೆ ಇರುವುದು ಇದೇ ಕಾರಣಕ್ಕೆ. ಸೂಚನಾ ಫಲಕ ನೋಡುತ್ತಿರಿ, ಜಗಳಕ್ಕೆ ನಿಲ್ಲಬೇಡಿ, ಬರೆದಿಟ್ಟ ಎರಡನೇ ಚಿತ್ರಕ್ಕೆ ನಡೆಯಿರಿ.

ಸಬ್‌ಟೈಟಲ್ ಬಾರದೆ ಚಿತ್ರ ಶುರುವಾದರೆ ಮಾತ್ರ ಸುಮ್ಮನೆ ಕೂರಬೇಡಿ. ಒಂದೇ ಡಿಸಿಪಿಯಲ್ಲಿ ಸಬ್‌ಟೈಟಲ್ ಇರುವ, ಇಲ್ಲದ ಎರಡೂ ಆವೃತ್ತಿಗಳಿರಬಹುದು, ಆಪರೇಟರ್ ತಪ್ಪು ಸಾಲು ಒತ್ತಿರಬಹುದು. ಮೊದಲ ಐದು ನಿಮಿಷದಲ್ಲಿ ಬಾಗಿಲಿನ ಸ್ವಯಂಸೇವಕರಿಗೆ ಹೇಳಿದರೆ ನಿಲ್ಲಿಸಿ ಸರಿಯಾದ ಆವೃತ್ತಿ ಹಾಕುತ್ತಾರೆ. ಅರ್ಧ ತಾಸು ಕಳೆದ ಮೇಲೆ ಹೇಳಿದರೆ ಮುಂದಿನ ಆಟಕ್ಕೆ ತಡವಾಗುತ್ತದೆ ಎಂದು ಹಿಂಜರಿಯುತ್ತಾರೆ. ಮೊದಲ ದೃಶ್ಯದಲ್ಲಿ ಮಾತೇ ಇಲ್ಲದಿದ್ದರೆ ಮಾತು ಬರುವವರೆಗೂ ತಾಳಿ.

ಚಿತ್ರ ಹಿಡಿಸದಿದ್ದರೆ ಎದ್ದು ಬರುವುದು ತಪ್ಪಲ್ಲ, ಉತ್ಸವದಲ್ಲಿ ಅದು ರೂಢಿ. ಅದಕ್ಕೇ ಬದಿಯ ಆಸನ ಹಿಡಿಯುವವರಿದ್ದಾರೆ. 40 ನಿಮಿಷ ಕೊಡಿ. ಎದ್ದು ಬಂದರೂ ಅದೇ ಹೊತ್ತಿನ ಇನ್ನೊಂದು ಚಿತ್ರಕ್ಕೆ ನಡುವೆ ನುಗ್ಗಲು ಬಿಡುವುದಿಲ್ಲ, ಆ ಹೊತ್ತಿಗೆ ಚಹಾ ಒಂದೇ ಗತಿ.

ಬೆಂಗಳೂರಿನ ಪಟ್ಟಿ

ವಿಜಯಪುರ, ಬಾಗಲಕೋಟೆಯವರಿಗೆ ಗೋವಾಕ್ಕಿಂತ ಬೆಂಗಳೂರೇ ಅನುಕೂಲ. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಆಯಿತು. ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ 2006ರಲ್ಲಿ ಶುರುವಾದದ್ದು. ಇದಕ್ಕೆ ಗೋವಾದಂತೆ ಕಾಯಂ ತಾರೀಖಿಲ್ಲ. 2024ರಲ್ಲಿ ಫೆಬ್ರವರಿ 29ರಿಂದ ಮಾರ್ಚ್ 7, 2025ರಲ್ಲಿ ಮಾರ್ಚ್ 1ರಿಂದ 8. ಮಾರ್ಚ್ ಅಂದರೆ ಪರೀಕ್ಷೆಯ ಕಾಲ, ಮೇಷ್ಟ್ರುಗಳು ಮತ್ತು ಮಕ್ಕಳ ತಾಯ್ತಂದೆಯರು ರಜೆ ಕೇಳುವ ಮುಂಚೆ ಪಂಚಾಂಗ ನೋಡಿಕೊಳ್ಳಬೇಕು.

ಈ ಎರಡೂ ವರ್ಷ ಮುಖ್ಯ ಪ್ರದರ್ಶನ ಒರಾಯನ್ ಮಾಲ್‌ನ ಹನ್ನೊಂದು ಪರದೆಗಳಲ್ಲಿತ್ತು. ಎಲ್ಲ ಒಂದೇ ಸೂರಿನಡಿ ಇದ್ದರೆ ಮೇಲಿನ ಲೆಕ್ಕದಲ್ಲಿ ಅಂತರದ ಕಾಲಂ ಹೊಡೆದು ಹಾಕಬಹುದು, ಎರಡು ಆಟಗಳ ನಡುವೆ ಇಪ್ಪತ್ತು ನಿಮಿಷ ಸಾಕು. ದಿನಕ್ಕೆ ನಾಲ್ಕು ಸಲೀಸು. ಏಷ್ಯಾ, ಭಾರತೀಯ, ಕನ್ನಡ ಎಂದು ಮೂರು ಸ್ಪರ್ಧೆಗಳು ನಡೆಯುತ್ತವೆ. ಕನ್ನಡ ಸ್ಪರ್ಧೆಯ ಪಟ್ಟಿಗೆ ಕೆಂಪು ಪೆನ್ನು ಧಾರಾಳವಾಗಿ ಬಳಸಿ: ಬಾಗಲಕೋಟೆಯ ಟಾಕೀಜಿನಲ್ಲಿ ಒಂದು ವಾರವೂ ನಿಲ್ಲದ ಅಥವಾ ಬರಲೇ ಬಾರದ ಚಿತ್ರಗಳು ಅಲ್ಲಿರುತ್ತವೆ.

ಗೋವಾಕ್ಕೆ ಹೋಗಿ ಬಂದವರ ನೋಟ್‌ಬುಕ್ ಬೆಂಗಳೂರಿಗೂ ಬರುತ್ತದೆ. ಎರಡೂ ಉತ್ಸವ ಅದೇ ವರ್ಷದ ಬೆಳೆಯಿಂದಲೇ ಆರಿಸಿಕೊಳ್ಳುವುದರಿಂದ, ನವೆಂಬರ್‌ನಲ್ಲಿ ಆಟ ಕೂಡಿಬರದೆ ಉಳಿದ ಹೆಸರುಗಳಲ್ಲಿ ಕೆಲವಾದರೂ ಬೆಂಗಳೂರಿನ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ. ಇಂಗ್ಲಿಷ್ ಹೆಸರು ಬದಲಾಗಿರಬಹುದು. ಮೂಲ ಹೆಸರು, ನಿರ್ದೇಶಕರ ಹೆಸರು ಇಟ್ಟುಕೊಂಡು ಹೋಲಿಸಿ.